ಗ್ಲೋಬು ಮೇಷ್ಟ್ರ ಸಾಧನೆ

ಒಂದು ಫೋಟೊಗೆ ಕಟ್ಟು ಹಾಕಿಸಬೇಕೆಂದರೆ ಮರದ ಪಟ್ಟಿಗೆ ನೂರೆಂಬತ್ತು, ಗಾಜಿಗೆ ತೊಂಬತ್ತು, ಹಿಂದಿನ ರಟ್ಟಿಗೆ ಇಪ್ಪತ್ತು. ಕೆಳಗೆ ಬಣ್ಣದ ಅಕ್ಷರದಲ್ಲಿ ಸಾಧನೆ ಬರೆಸಿದರೆ ಅದಕ್ಕೆ ಬೇರೆ ದರ. ಸಾಧನೆ ಉದ್ದವಾದಷ್ಟೂ ಖರ್ಚು ಜಾಸ್ತಿ. ಈ ದರಗಳೆಲ್ಲ ಭೂಗೋಳದ ಮೇಷ್ಟ್ರಿಗೆ ಬಾಯಿಪಾಠವಾಗಿದ್ದವು. ಯಾಕೆಂದರೆ ಕಟ್ಟು ಹಾಕುವ ಅಂಗಡಿ ಅವರ ಬಾಮೈದನದೇ. ಶಾಲೆಯ ಎಲ್ಲ ಮೇಷ್ಟ್ರುಗಳ, ಮೇಡಂಗಳ ಫೋಟೊಗಳಿಗೂ ಕಟ್ಟು ಹಾಕಿದವನು ಅವನು. ತನ್ನ ಭಾವನ ಫೋಟೊ ಒಂದಕ್ಕೆ ಮಾತ್ರ ಹಾಕಿರಲಿಲ್ಲ. ಅವನೇನೋ ಗಾಜು ಪುಕ್ಕಟೆ ಕೊಡುತ್ತೇನೆಂದು ತಯಾರಾಗಿ ನಿಂತಿದ್ದ. ಕೆಳಗೆ ಬರೆಯುವುದಕ್ಕೆ ಸಾಧನೆಯೇ ಇರಲಿಲ್ಲ.

ಅದೊಂದು ಖಾಸಗಿ ಪ್ರೌಢಶಾಲೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಬಂದ ಹೊಸದರಲ್ಲಿ ಕಚೇರಿಯ ಪಕ್ಕದ ಉದ್ದನೆಯ ಗೋಡೆಗೆ ಬಣ್ಣ ಹೊಡೆಸಿ, ಮೇಲ್ಗಡೆ ‘ನಮ್ಮ ಶಿಕ್ಷಕರ ಸಾಧನೆಗಳು’ ಎಂದು ದಪ್ಪಗೆ ಬರೆಸಿ, ಸಾಲಾಗಿ ಮೊಳೆ ಹೊಡೆಸಿದರು. ಮಕ್ಕಳನ್ನು ಸೇರಿಸಲು ಬರುವ ತಂದೆತಾಯಂದಿರು ಮೊದಲು ಆ ಗೋಡೆ ನೋಡುತ್ತಿದ್ದರು, ಆಮೇಲೆ ಶುಲ್ಕ ಕೇಳುತ್ತಿದ್ದರು. ಗೋಡೆ ನೋಡಿದ ಮೇಲೆ ಶುಲ್ಕ ಅಷ್ಟೊಂದು ಚುಚ್ಚುವುದಿಲ್ಲ ಎಂಬುದು ದೊಡ್ಡ ಮೇಡಂ ಅವರ ಅನುಭವ.

ಹಾಗೆಂದು ಸಾಧನೆಗೆ ಯಾರೂ ಬೆಟ್ಟ ಅಗೆಯಬೇಕಾಗಿರಲಿಲ್ಲ. ಆ ಶಾಲೆಯಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು. ತರಗತಿಯಲ್ಲಿ ಏನಾದರೂ ಎಡವಟ್ಟಾದರೆ, ಯಾರಾದರೂ ಕೇಳುವ ಮೊದಲೇ ಅದಕ್ಕೊಂದು ಹೆಸರಿಟ್ಟುಬಿಡಬೇಕು. ಆಗ ಅದು ಎಡವಟ್ಟಲ್ಲ, ಹೊಸ ಬೋಧನಾ ವಿಧಾನ. ಗಣಿತದ ಮೇಡಂಗೆ ಒಮ್ಮೆ ಗಂಟಲು ಕಟ್ಟಿ ಧ್ವನಿ ಹೊರಡದೆ, ಇಡೀ ವಾರ ಸೀಮೆಸುಣ್ಣ ತೋರಿಸಿ ತೋರಿಸಿಯೇ ಪಾಠ ಮುಗಿಸಿದ್ದರು. ಅದು ‘ಮೌನ ಗಣಿತ’ ಆಯಿತು. ಒಂದು ಸಮ್ಮೇಳನದಲ್ಲಿ ಬಹುಮಾನವನ್ನೂ ಗಿಟ್ಟಿಸಿತು. ಇತಿಹಾಸದ ಮೇಷ್ಟ್ರು ಕನ್ನಡಕ ಮರೆತು ಬಂದು ಮಕ್ಕಳ ಕೈಯಲ್ಲೇ ಪಾಠ ಓದಿಸಿದ್ದು ‘ವಿದ್ಯಾರ್ಥಿ ಕೇಂದ್ರಿತ ಇತಿಹಾಸ’. ವಿಜ್ಞಾನದ ಮೇಷ್ಟ್ರು ಪ್ರಯೋಗಾಲಯವನ್ನು ಗುಡಿಸಲು ಬಿಡದೆ ‘ತರಗತಿಯ ಧೂಳು: ಒಂದು ಅವಲೋಕನ’ ಎಂಬ ಪ್ರಬಂಧ ಬರೆದು, ಗೋಡೆಯ ಮೇಲೆ ಎರಡು ಕಟ್ಟುಗಳ ಜಾಗ ಹಿಡಿದಿದ್ದರು.

ಭೂಗೋಳದ ಮೇಷ್ಟ್ರು ಮಾತ್ರ ಎಡವಟ್ಟು ಮಾಡದೆ ಪಾಠ ಮಾಡಿಕೊಂಡು ಬಂದಿದ್ದರು. ಗುಂಡಗಿದ್ದರು, ನಡೆಯುವಾಗ ಒಂದು ಪಕ್ಕಕ್ಕೆ ತುಸು ವಾಲುತ್ತಿದ್ದರು. ಹೀಗಾಗಿ ಯಾವುದೋ ಕಾಲದ ಮಕ್ಕಳು ಇಟ್ಟ ‘ಗ್ಲೋಬು’ ಎಂಬ ಹೆಸರು ಅವರಿಗೆ ಅಂಟಿಕೊಂಡಿತ್ತು. ಗೋಡೆಯ ಮೇಲೆ ಅವರ ಪಾಲಿನ ಮೊಳೆ ಖಾಲಿ ಇತ್ತು. ಪೂರ್ತಿ ಖಾಲಿ ಎನ್ನುವಂತಿಲ್ಲ. ಜವಾನ ಅದಕ್ಕೆ ತನ್ನ ಕೊಡೆ ನೇತುಹಾಕುತ್ತಿದ್ದ.

“ರೀ, ಪಕ್ಕದ ಮನೆಯವರು ನಿನ್ನೆ ನಿಮ್ಮ ಶಾಲೆಗೆ ಹೋಗಿದ್ರಂತೆ, ಮೊಮ್ಮಗಳನ್ನ ಸೇರಿಸೋಕೆ,” ಎಂದರು ಹೆಂಡತಿ, ಆವತ್ತು ಬೆಳಿಗ್ಗೆ ಚಹಾದ ಲೋಟವನ್ನು ಕುಕ್ಕುತ್ತ.

“ಒಳ್ಳೇದಾಯ್ತು. ಸೀಟು ಸಿಕ್ತಂತಾ?”

“ಸಿಕ್ತು. ಗೋಡೆ ಪೂರ್ತಿ ನೋಡಿದ್ರಂತೆ. ಆಮೇಲೆ ನನ್ನ ಕೇಳ್ತಾರೆ, ನಿಮ್ಮ ಯಜಮಾನ್ರು ಈಗ ಅಲ್ಲಿ ಕೆಲಸ ಬಿಟ್ರಾ ಅಂತ.”

“ನೀನೇನಂದೆ?”

“ಏನನ್ಲಿ? ಬಿಟ್ಟಿಲ್ಲ, ಅವರ ಜಾಗದಲ್ಲಿ ಕೊಡೆ ಪಾಠ ಮಾಡ್ತಿದೆ ಅನ್ಲಾ?”

ಮೇಷ್ಟ್ರು ನಕ್ಕುಬಿಟ್ಟರು. ಹೆಂಡತಿ ನಗಲಿಲ್ಲ. ಆದರೂ ಮೇಷ್ಟ್ರಿಗೆ ಫೋಟೊದ ಆಸೆ ಅಷ್ಟಾಗಿ ಇರಲಿಲ್ಲ ಎನ್ನುವುದು ನಿಜ. ಅವರಿಗೆ ಆ ಶಾಲೆಯಲ್ಲಿ ಬೇಕಾಗಿದ್ದದ್ದು ಒಂದೇ: ನಕ್ಷೆ ಕೋಣೆ.

ಕಟ್ಟಡದ ಹಿಂಬದಿಯ ಮೂಲೆಯಲ್ಲಿ, ಮೆಟ್ಟಿಲ ಪಕ್ಕಕ್ಕೆ ಇತ್ತು ಆ ಪುಟ್ಟ ಕೋಣೆ. ಸುರುಳಿ ಸುತ್ತಿದ ನಕ್ಷೆಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ಒಂದು ಕಿಟಕಿ, ಕಿಟಕಿಯಾಚೆ ಒಂದು ಮರ, ಮರದ ನೆರಳಿಗೆ ಸರಿಯಾಗಿ ಒಂದು ಹಳೆಯ ಆರಾಮ ಕುರ್ಚಿ. ಊಟದ ಡಬ್ಬಿ ತೊಳೆದಿಟ್ಟು, ಬಾಗಿಲು ಓರೆ ಮಾಡಿ, ಮೇಷ್ಟ್ರು ಆ ಕುರ್ಚಿಯಲ್ಲಿ ಕಾಲು ಚಾಚಿದರೆಂದರೆ ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಲೋಕದ ಸಾಗರ ಖಂಡಗಳೆಲ್ಲ ಅವರ ಪಾಲಿಗೆ ಶಾಂತ. ಆ ಸಣ್ಣ ನಿದ್ದೆಯಿಂದ ಎದ್ದು ತರಗತಿಗೆ ಬಂದಾಗ ಆಗತಾನೆ ಒರೆಸಿದ ಸ್ಲೇಟಿನ ಹಾಗಿರುತ್ತಿದ್ದರು. ಯಾರಿಗೂ ಬೈಯುತ್ತಿರಲಿಲ್ಲ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೂ ಬೇಸರಿಸುತ್ತಿರಲಿಲ್ಲ. ಉಳಿದ ಮೇಷ್ಟ್ರುಗಳು ಮಧ್ಯಾಹ್ನದ ಹೊತ್ತಿಗೆ ಕಾದ ಬಾಣಲೆಯಾಗಿರುತ್ತಿದ್ದರು.

ಆವತ್ತು ಶಾಲೆಗೆ ಬಂದು ನೋಡಿದರೆ ನಕ್ಷೆ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ವಿಜ್ಞಾನದ ಮೇಷ್ಟ್ರು ಮೊಣಕಾಲೂರಿ ಟೇಪು ಹಿಡಿದು ನೆಲ ಅಳೆಯುತ್ತಿದ್ದರು.

“ಏನ್ರೀ ಮೇಷ್ಟ್ರೇ, ಏನಾದ್ರೂ ಕಳ್ಕೊಂಡ್ರಾ?”

“ಕಳ್ಕೊಂಡಿಲ್ಲ, ಹುಡುಕ್ಕೊಂಡೆ,” ಎಂದರು ವಿಜ್ಞಾನದ ಮೇಷ್ಟ್ರು, ಟೇಪನ್ನು ಸರ‍್ರನೆ ಎಳೆದುಕೊಂಡು. “ನನ್ನ ಎರಡನೇ ಪ್ರಬಂಧಕ್ಕೆ ಒಂದು ಕೋಣೆ ಬೇಕಾಗಿತ್ತು. ಆ ಕಿಟಕಿ ಮುಚ್ಚಿಸಿಬಿಟ್ರೆ ಇಲ್ಲಿ ಧೂಳು ಚೆನ್ನಾಗಿ ಕೂರುತ್ತೆ. ಆ ಕುರ್ಚಿ ನಿಮ್ಮದಾ? ಗುಜರಿಯವನು ನಾಳೆ ಬರ್ತಾನೆ.”

ಗ್ಲೋಬು ಮೇಷ್ಟ್ರು ಅಲ್ಲಿ ನಿಲ್ಲಲಿಲ್ಲ. ನೇರವಾಗಿ ಶಿಕ್ಷಕರ ಕೊಠಡಿಗೆ ವಾಲಿಕೊಂಡು ಓಡಿದರು. ಅಲ್ಲಿ ದೊಡ್ಡ ಮೇಡಂ ಎಲ್ಲರನ್ನೂ ಸೇರಿಸಿ ಮಾತಾಡುತ್ತಿದ್ದರು.

“ಮಧ್ಯಾಹ್ನ ಅಧ್ಯಕ್ಷರು ಬರ್ತಾರೆ. ಗೋಡೆ ನೋಡ್ತಾರೆ, ತರಗತಿ ನೋಡ್ತಾರೆ. ಹೋದ ಸಲ ಬಂದಾಗ ಒಂದೇ ಮಾತು ಕೇಳಿದ್ರು, ಆ ಕೊಡೆ ಯಾವ ವಿಷಯ ಕಲಿಸುತ್ತೆ ಅಂತ. ನನಗೆ ಮುಖ ಎತ್ತೋಕಾಗ್ಲಿಲ್ಲ.” ಎಲ್ಲರ ಕಣ್ಣುಗಳೂ ಗ್ಲೋಬು ಮೇಷ್ಟ್ರ ಕಡೆಗೆ ತಿರುಗಿದವು. “ನೋಡಿ ಮೇಷ್ಟ್ರೇ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ಸಾಧನೆ ಮಾಡಿದವರಿಗೆ ಕೋಣೆ ಇಲ್ಲ, ಕೋಣೆ ಇರೋರಿಗೆ ಸಾಧನೆ ಇಲ್ಲ. ಇದು ಸರಿ ಹೋಗಲ್ಲ. ಇವತ್ತು ಅಧ್ಯಕ್ಷರು ಹೊರಡೋದ್ರೊಳಗೆ ಏನಾದ್ರೂ ಒಂದು ತೋರಿಸಿ. ಇಲ್ಲದಿದ್ರೆ ನಕ್ಷೆ ಕೋಣೆ ವಿಜ್ಞಾನದವರಿಗೆ.”

“ಮೇಡಂ, ಇಷ್ಟು ವರ್ಷ ನನ್ನ ವಿಷಯದಲ್ಲಿ ಒಬ್ಬ ಹುಡುಗನೂ ಫೇಲಾಗಿಲ್ಲ.”

“ಅದು ನಿಮ್ಮ ಕೆಲಸ ಅಲ್ವಾ? ಅದಕ್ಕೆ ಸಂಬಳ ಕೊಡ್ತೀವಿ. ನಾನು ಕೇಳ್ತಿರೋದು ಸಾಧನೆ,” ಎಂದು ದೊಡ್ಡ ಮೇಡಂ ಎದ್ದು ಹೊರಟರು.

ಅವರು ಹೊರಟಿದ್ದೇ ತಡ, ಗ್ಲೋಬು ಮೇಷ್ಟ್ರನ್ನು ಉದ್ಧಾರ ಮಾಡಲು ಕೊಠಡಿಯಲ್ಲಿ ನೂಕುನುಗ್ಗಲಾಯಿತು. ಎಲ್ಲರಿಗಿಂತ ಮುಂದಿದ್ದವರು ಗಣಿತದ ಮೇಡಂ. ಅವರ ತರಗತಿ ಪ್ರಯೋಗಾಲಯದ ಪಕ್ಕದಲ್ಲೇ. ವಿಜ್ಞಾನದ ಮೇಷ್ಟ್ರ ಸಂಶೋಧನೆಯ ಅರ್ಧ ಭಾಗ ದಿನವೂ ಅವರ ಸೀರೆಗೆ ಅಂಟುತ್ತಿತ್ತು. ಆ ಸಿಟ್ಟಿಗೆ, ವಿಜ್ಞಾನದವರಿಗೆ ಇನ್ನೊಂದು ಕೋಣೆ ಸಿಗಬಾರದೆಂಬುದು ಅವರ ಹಟ.

“ನೀವು ಹೆದರಬೇಡಿ ಮೇಷ್ಟ್ರೇ. ಯೋಚನೆ ಮಾಡಿ ಹೇಳಿ. ಕ್ಲಾಸಲ್ಲಿ ಏನಾದ್ರೂ ತಪ್ಪು ಮಾಡಿದ್ದೀರಾ?”

“ಇಲ್ಲ ಮೇಡಂ.”

“ಏನಾದ್ರೂ ಮರೆತಿದ್ದು? ಬೀಳಿಸಿದ್ದು? ಒಡೆದಿದ್ದು?”

“ಇಲ್ವಲ್ಲಾ.”

“ಒಂದು ಸಲಾನೂ? ಛೇ, ಹೀಗಾದ್ರೆ ಹೇಗೆ ಮೇಷ್ಟ್ರೇ ಮುಂದೆ ಬರೋದು ನೀವು!”

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ನಡುವೆ ನುಗ್ಗಿದರು. ಅವರ ಕೊರಳಲ್ಲಿ ಸದಾ ಒಂದು ಸೀಟಿ. ಮೆಲ್ಲಗೆ ಮಾತಾಡುವ ಅಭ್ಯಾಸವೇ ಅವರಿಗಿರಲಿಲ್ಲ. “ಇದನ್ನ ನನಗೆ ಬಿಡಿ! ನಾನು ಪ್ರಥಮ ಚಿಕಿತ್ಸೆ ತರಬೇತುದಾರ. ನಾನು ಕಲಿಸಿ ಪ್ರಮಾಣಪತ್ರ ಕೊಟ್ರೆ ಅದು ಸಾಧನೆ ಹೌದೋ ಅಲ್ವೋ?”

“ಹೌದು. ಆದ್ರೆ ಎಷ್ಟು ದಿನ ಬೇಕು?” ಎಂದರು ಗ್ಲೋಬು.

“ದಿನ ಯಾಕೆ? ಊಟದ ಬಿಡುವು ಸಾಕು!”

ಹೀಗೆ ನಿದ್ದೆಯ ಕೋಣೆ ಉಳಿಸಿಕೊಳ್ಳುವುದಕ್ಕಾಗಿ ಮೇಷ್ಟ್ರು ಆ ದಿನದ ನಿದ್ದೆಯನ್ನೇ ಬಿಟ್ಟುಕೊಡಬೇಕಾಯಿತು. ಊಟವನ್ನು ಅರ್ಧಕ್ಕೆ ನಿಲ್ಲಿಸಿ ಆಟದ ಸಾಮಾನಿನ ಕೋಣೆಗೆ ಹೋದರು. ಡ್ರಿಲ್ ಮೇಷ್ಟ್ರು ಅವರನ್ನು ಒಂದು ಮುಕ್ಕಾಲಿಯ ಮೇಲೆ ಕೂರಿಸಿ, ಬಿಳಿ ಬಟ್ಟೆಯ ಉಂಡೆಗಳನ್ನು ಹೊರತೆಗೆದರು.

“ಕಟ್ಟೋದು ಹೇಗೆ ಅಂತ ನಾನು ಕಲೀಬೇಕಲ್ವಾ? ನನಗ್ಯಾಕೆ ಸುತ್ತುತ್ತಿದ್ದೀರಿ?”

“ಮೊದಲು ಗಾಯಾಳು ಆಗ್ಬೇಕು ಮೇಷ್ಟ್ರೇ! ಗಾಯಾಳು ಆಗದೆ ಚಿಕಿತ್ಸೆ ಅರ್ಥ ಆಗಲ್ಲ. ಅಲ್ಲಾಡಬೇಡಿ!”

ಬಲಗೈಯನ್ನು ಮಡಿಸಿ ಕೊರಳಿಗೆ ನೇತುಹಾಕಿದ್ದಾಯಿತು. ತಲೆಗೆ ಸುತ್ತು ಹಾಕುತ್ತ ಹಾಕುತ್ತ ಡ್ರಿಲ್ ಮೇಷ್ಟ್ರಿಗೆ ಹುರುಪು ಬಂದುಬಿಟ್ಟಿತು. ಅಷ್ಟು ಗುಂಡಗಿನ ತಲೆ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹುಬ್ಬಿನಿಂದ ನೆತ್ತಿಯವರೆಗೆ ಸುತ್ತಿ, ಹಿಂದೆ ಒಂದು ಗಂಟು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಬಡಗಿ ತಾನು ಮಾಡಿದ ಬಾಗಿಲನ್ನು ನೋಡುವ ಹಾಗೆ ನೋಡಿದರು. ಆಗಲೇ ಗಂಟೆ ಹೊಡೆಯಿತು. ಮೈದಾನದಲ್ಲಿ ಹುಡುಗರು ಕಿತ್ತಾಡುವ ಸದ್ದೂ ಕೇಳಿತು. ಡ್ರಿಲ್ ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡು ಓಡಿದರು.

“ರೀ, ಇದನ್ನ ಬಿಚ್ಚಿ ಹೋಗಿ!”

“ನನ್ನ ಗಂಟು ಬಿಚ್ಚೋಕೆ ಬರಲ್ಲ, ಅದೇ ಅದರ ವಿಶೇಷ!” ಎಂಬ ಮಾತು ದೂರದಿಂದ ಕೇಳಿಸಿತು. ಕತ್ತರಿಯೂ ಅವರ ಜೇಬಿನಲ್ಲೇ ಹೋಯಿತು.

ಗ್ಲೋಬು ಮೇಷ್ಟ್ರು ಹಾಗೆಯೇ ಒಂಬತ್ತನೇ ತರಗತಿಯ ಕಡೆ ಹೊರಟರು. ಮೊಗಸಾಲೆಯಲ್ಲಿ ಅವರನ್ನು ಕಂಡ ಮಕ್ಕಳು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮೇಷ್ಟ್ರಿಗಿಂತ ಸುದ್ದಿ ಚುರುಕಾಗಿ ನಡೆಯಿತು. ಮೊದಲ ತಿರುವಿನಲ್ಲಿ ಅವರು ಮೆಟ್ಟಿಲಿಂದ ಬಿದ್ದಿದ್ದರು, ನೀರಿನ ನಲ್ಲಿಯ ಹತ್ತಿರ ಅವರಿಗೆ ಬಸ್ಸು ಗುದ್ದಿತ್ತು. ತರಗತಿಯ ಬಾಗಿಲು ತಲುಪುವಷ್ಟರಲ್ಲಿ, ನಕ್ಷೆ ಕೋಣೆಗಾಗಿ ವಿಜ್ಞಾನದ ಮೇಷ್ಟ್ರು ಅವರನ್ನು ಟೇಪಿನಿಂದ ಹೊಡೆದುಹಾಕಿದ್ದರು.

“ಸಾರ್, ತುಂಬಾ ನೋವಾ?” ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಹಿಂದಿನ ಬೆಂಚಿನಿಂದ ಕಿಸಿಕಿಸಿ ನಗು ಬಂತು.

ಮೇಷ್ಟ್ರಿಗೆ ಮೊದಲೇ ನಿದ್ದೆಯಿಲ್ಲದೆ ಕಣ್ಣೆವೆ ಸೀಸದಷ್ಟು ಭಾರವಾಗಿತ್ತು. “ನಗಬೇಡಿ. ಎಲ್ಲರೂ ಕಣ್ಣು ಮುಚ್ಚಿ. ಕೈ ಕಟ್ಟಿ ಕೂತ್ಕೊಳ್ಳಿ. ನಾನು ಹೇಳೋವರೆಗೆ ಯಾರೂ ಕಣ್ಣು ತೆಗೀಕೂಡದು,” ಎಂದರು. ಈ ವೇಷವನ್ನು ಯಾರೂ ನೋಡದಿದ್ದರೆ ಸಾಕಾಗಿತ್ತು. ಗ್ಲೋಬು ಮೇಷ್ಟ್ರು ಹೀಗೆ ಅಪ್ಪಣೆ ಮಾಡುವುದು ಅಪರೂಪವಾದ್ದರಿಂದ ಮಕ್ಕಳು ಕಣ್ಣು ಮುಚ್ಚಿದರು.

ಈಗ ಆ ಸುತ್ತಿದ ಬಟ್ಟೆ ತನ್ನ ಕೆಲಸ ಶುರು ಮಾಡಿತು. ಹಣೆಯ ಬೆವರಿಗೆ ಮೆಲ್ಲನೆ ಜಾರಿ, ಹುಬ್ಬು ದಾಟಿ, ಎರಡೂ ಕಣ್ಣುಗಳ ಮೇಲೆ ಇಳಿಯಿತು. ಮೇಷ್ಟ್ರು ಎಡಗೈಯಿಂದ ಎತ್ತಿದರು, ಮತ್ತೆ ಇಳಿಯಿತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಇಳಿಯಿತು. ಕೊನೆಗೆ ಕುರ್ಚಿಯನ್ನು ತಡಕಿ ಕುಳಿತರು. ಸುತ್ತ ಕತ್ತಲೆ, ತರಗತಿ ನಿಶ್ಶಬ್ದ, ಊಟದ ನಂತರದ ಹೊತ್ತು. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಅವರ ದೇಹಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸರಿಯಾಗಿ ಆಗ ಬಾಗಿಲಲ್ಲಿ ಅಧ್ಯಕ್ಷರು ಬಂದು ನಿಂತರು.

ಸಂಸ್ಥೆಯ ಅಧ್ಯಕ್ಷರು ಒಂದು ಕಾಲದಲ್ಲಿ ಹೆಂಚಿನ ಕಾರ್ಖಾನೆ ನಡೆಸಿದವರು. ಕಣ್ಣು ಕೆಂಪಗೆ, ಮುಖ ಸಿಡಿಮಿಡಿ. ಆವತ್ತು ಅವರಿಗೆ ಯಾವುದೂ ಹಿಡಿಸಿರಲಿಲ್ಲ. ಗೋಡೆಯ ಮುಂದೆ ನಿಂತು ‘ಮೌನ ಗಣಿತ’ವನ್ನು ನೋಡಿ, “ಇದನ್ನ ನಮ್ಮನೇಲೂ ಸ್ವಲ್ಪ ಕಲಿಸಿ” ಎಂದು ಗೊಣಗಿದ್ದರು, ಅಷ್ಟೆ. ಅವರ ಹಿಂದೆ ದೊಡ್ಡ ಮೇಡಂ, ಪಕ್ಕದಲ್ಲಿ ಟೇಪು ಹಿಡಿದ ವಿಜ್ಞಾನದ ಮೇಷ್ಟ್ರು, ಎಲ್ಲರ ಹಿಂದೆ ಗಣಿತದ ಮೇಡಂ.

ಒಳಗಿನ ನೋಟ ಹೀಗಿತ್ತು: ತರಗತಿಯ ಮಕ್ಕಳೆಲ್ಲ ಕಣ್ಣು ಮುಚ್ಚಿ ಕೈ ಕಟ್ಟಿ ಕುಳಿತಿದ್ದಾರೆ. ಎದುರಿಗೆ ಮೇಷ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಯನ್ನು ಕೊರಳಿಗೆ ನೇತುಹಾಕಿಕೊಂಡು, ಮುಖದ ಮೇಲೆ ಆನಂದ ತುಳುಕಿಸುತ್ತ ಕುಳಿತಿದ್ದಾರೆ.

“ಏನಿದು?” ಎಂದರು ಅಧ್ಯಕ್ಷರು.

ದೊಡ್ಡ ಮೇಡಂ ಬಾಯಿ ತೆರೆಯುವ ಮೊದಲೇ ವಿಜ್ಞಾನದ ಮೇಷ್ಟ್ರು ಹೇಳಿಬಿಟ್ಟರು, “ನಿದ್ದೆ ಸಾರ್, ಇನ್ನೇನು?”

“ಅಲ್ಲ ಸಾರ್!” ಗಣಿತದ ಮೇಡಂ ಹಿಂದಿನಿಂದ ಜಿಗಿದು ಮುಂದೆ ಬಂದರು. ಇಷ್ಟು ವರ್ಷ ಕಾದ ಎಡವಟ್ಟು ಕಣ್ಣೆದುರಿಗೇ ಕುಳಿತಿತ್ತು; ಹೆಸರಿಡುವುದೊಂದೇ ಬಾಕಿ. “ಇದು ಕಣ್ಣುಮುಚ್ಚಿ ಭೂಗೋಳ. ನಮ್ಮ ಮೇಷ್ಟ್ರದೇ ವಿಧಾನ. ನಕ್ಷೆ ನೋಡಿದ್ರೆ ಕಾಗದ ಕಾಣುತ್ತೆ ಸಾರ್, ಕಣ್ಣು ಮುಚ್ಚಿದ್ರೆ ದೇಶ ಕಾಣುತ್ತೆ.”

“ಮತ್ತೆ ಆ ಕೈ?” ವಿಜ್ಞಾನದ ಮೇಷ್ಟ್ರು ಕೇಳಿದರು.

“ಕೈ ತೋರಿಸಿ ಹೇಳೋ ಚಟ ಬಿಡಬೇಕು ಅಂತ ಕಟ್ಟಿಕೊಂಡಿದ್ದಾರೆ. ಬರೀ ಮಾತಿನಲ್ಲೇ ತೋರಿಸ್ಬೇಕು.”

“ಹೌದಾ? ಎಲ್ಲಿ, ತೋರಿಸಲಿ ನೋಡೋಣ,” ಎಂದು ಅಧ್ಯಕ್ಷರು ಜೋರಾಗಿ ಹೇಳಿದರು.

ಆ ಸದ್ದಿಗೆ ಗ್ಲೋಬು ಮೇಷ್ಟ್ರಿಗೆ ಎಚ್ಚರವಾಯಿತು. ಎಚ್ಚರವಾದರೂ ಲೋಕ ಕತ್ತಲೆ. ತರಗತಿಯಲ್ಲಿ ಯಾವನೋ ಮಾತಾಡುತ್ತಿದ್ದಾನೆ ಎಂಬುದಷ್ಟೇ ತಿಳಿಯಿತು. “ಯಾವನೋ ಅದು ಬಾಯಿಮಾಡ್ತಿರೋದು? ಕಣ್ಣು ಮುಚ್ಚಿ ಅಂದ್ರೆ ಬಾಯೂ ಮುಚ್ಚು ಅಂತ! ಕೂತ್ಕೋ ಮೊದಲು!” ಎಂದು ಗುಡುಗಿದರು.

ದೊಡ್ಡ ಮೇಡಂ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಅಧ್ಯಕ್ಷರಿಗೆ ಹೀಗೆ ಯಾರಾದರೂ ಬೈದು ಒಂದು ಕಾಲವೇ ಆಗಿತ್ತೋ ಏನೋ, ಅವರು ತಬ್ಬಿಬ್ಬಾಗಿ ಸುತ್ತ ನೋಡಿ, ಮುಂದಿನ ಬೆಂಚಿನಲ್ಲಿ ಆ ಹುಡುಗಿಯ ಪಕ್ಕಕ್ಕೆ ತೂರಿಕೊಂಡು ಕುಳಿತು, ಕಣ್ಣು ಮುಚ್ಚಿದರು.

ಗಣಿತದ ಮೇಡಂ ಒಂದೇ ಓಟಕ್ಕೆ ಮೇಷ್ಟ್ರ ಬಳಿ ಹೋಗಿ ಕಿವಿಯಲ್ಲಿ ಉಸುರಿದರು. “ಅಧ್ಯಕ್ಷರು ಕೂತಿದ್ದಾರೆ. ನಿಮ್ಮ ಕೋಣೆ ನಿಮ್ಮ ನಾಲಿಗೆ ಮೇಲಿದೆ. ಬೆಟ್ಟವೋ ನದಿಯೋ, ಏನಾದ್ರೂ ಹೇಳಿ.”

ಮೇಷ್ಟ್ರ ಬೆನ್ನಿನಲ್ಲಿ ಬೆವರಿನದೇ ಒಂದು ನದಿ ಹುಟ್ಟಿತು. ಕರಿಹಲಗೆಯಿಲ್ಲ, ನಕ್ಷೆಯಿಲ್ಲ, ತೋರಿಸಲು ಕೋಲೂ ಇಲ್ಲ. ಗಂಟಲು ಸರಿಮಾಡಿಕೊಂಡು, ಬಾಯಿಗೆ ಬಂದ ಕಡೆಯಿಂದ ಹೊರಟರು.

“ಬೆಟ್ಟದ ತುದೀಲಿ ಒಂದು ಕಲ್ಲು. ಕಲ್ಲಿನ ಕೆಳಗೆ ಒರತೆ. ನೀರು ಬೆರಳಿನಷ್ಟು ದಪ್ಪ ಇದೆ, ಅಷ್ಟೆ. ಅದರ ಜೊತೆ ನಡೀರಿ. ಓಡಬೇಡಿ, ಅದಿನ್ನೂ ಮಗು, ಅದಕ್ಕೂ ಓಡೋಕೆ ಬರಲ್ಲ. ಅಲ್ಲಲ್ಲಿ ನಿಲ್ಲುತ್ತೆ. ಎಲೆ ಕೆಳಗೆ ನುಸುಳುತ್ತೆ. ಎಡಗಡೆಯಿಂದ ಇನ್ನೊಂದು ಬಂತು ನೋಡಿ, ಅದರ ತಂಗಿ...”

ಹೇಳುತ್ತ ಹೇಳುತ್ತ ಅವರ ಧ್ವನಿ ಹದಕ್ಕೆ ಬಂತು. ಕಣ್ಣಿಗೆ ಬಟ್ಟೆ ಇದ್ದದ್ದರಿಂದ ಎದುರಿಗೆ ಯಾರಿದ್ದಾರೆಂಬ ಅಳುಕೂ ಕರಗಿತು. ನದಿ ಕಣಿವೆಗೆ ಇಳಿಯಿತು, ಬಂಡೆಗೆ ಹಣೆ ಚಚ್ಚಿಕೊಂಡು ಬೇರೆ ದಾರಿ ಹಿಡಿಯಿತು.

“ಸಾರ್, ನೀರು ತಣ್ಣಗಿದೆ,” ಎಂದಳು ಮುಂದಿನ ಬೆಂಚಿನ ಹುಡುಗಿ, ಕಣ್ಣು ಮುಚ್ಚಿಕೊಂಡೇ.

“ಸಾರ್, ನನ್ನ ಒಂದು ಚಪ್ಪಲಿ ತೇಲ್ಕೊಂಡು ಹೋಯ್ತು,” ಎಂದ ಹಿಂದಿನ ಬೆಂಚಿನವನು.

“ಹೋಗ್ಲಿ ಬಿಡು. ಮುಂದೆ ತಿರುವಿನಲ್ಲಿ ಮರಳು ದಿಬ್ಬ ಇದೆ, ಅಲ್ಲಿ ಸಿಗುತ್ತೆ. ತಿರುವಿನ ಒಳಗಡೆ ನೀರು ನಿಧಾನ, ತಂದದ್ದನ್ನೆಲ್ಲ ಅಲ್ಲೇ ಬಿಡುತ್ತೆ.”

ಮೇಷ್ಟ್ರಿಗೆ ಖುಷಿಯಾಯಿತು. ವರ್ಷಗಟ್ಟಲೆ ಕೋಲು ಹಿಡಿದು ತೋರಿಸಿದ ನದಿಗಿಂತ ಈ ನದಿಯಲ್ಲಿ ನೀರು ಹೆಚ್ಚಿತ್ತು. ಆದರೆ ನದಿ ಬಯಲಿಗೆ ಬಂದು ಅಗಲವಾಗುವ ಹೊತ್ತಿಗೆ ಹತ್ತಿರದಿಂದಲೇ ಗರಗಸ ಎಳೆದಂಥ ಸದ್ದು ಶುರುವಾಯಿತು.

“ಯಾರದು ಗೊರಕೆ? ಎದ್ದು ನಿಲ್ಲು!” ಎನ್ನಲು ಹೊರಟವರ ತೋಳನ್ನು ಗಣಿತದ ಮೇಡಂ ಚಿವುಟಿದರು. “ಅಧ್ಯಕ್ಷರದು,” ಎಂದು ಪಿಸುಗುಟ್ಟಿದರು.

“ನೋಡಿ ಮೇಡಂ, ನೋಡಿ!” ವಿಜ್ಞಾನದ ಮೇಷ್ಟ್ರು ದೊಡ್ಡ ಮೇಡಂ ಕಡೆ ತಿರುಗಿದರು. “ಪಾಠ ಕೇಳಿ ಅಧ್ಯಕ್ಷರೇ ನಿದ್ದೆ ಹೋದ್ರು! ಇದು ಸಾಧನೆಯಾ?”

ದೊಡ್ಡ ಮೇಡಂ ಮುಖ ಸುಣ್ಣದಂತಾಗಿತ್ತು. ಗ್ಲೋಬು ಮೇಷ್ಟ್ರು ಕೋಣೆ ಹೋಯಿತು, ಕುರ್ಚಿ ಗುಜರಿಗೆ ಹೋಯಿತು ಎಂದುಕೊಂಡರು. ಆದರೂ ಹೊರಟ ನದಿಯನ್ನು ನಡುದಾರಿಯಲ್ಲಿ ಬಿಡುವುದು ಹೇಗೆ? ಅದನ್ನು ಸಮುದ್ರಕ್ಕೆ ಸೇರಿಸಿಯೇ ಬಾಯಿ ಮುಚ್ಚಿದರು.

ಅವರು ಬಾಯಿ ಮುಚ್ಚಿದ ಕೂಡಲೇ ಗೊರಕೆಯೂ ನಿಂತಿತು. ಅಧ್ಯಕ್ಷರು ಕಣ್ಣು ತೆರೆದರು. “ಯಾಕೆ ನಿಲ್ಲಿಸಿದ್ರಿ?” ಎಂದವರು ಎಲ್ಲರ ಮುಖ ನೋಡಿ ಅನುಮಾನಪಟ್ಟರು. “ನನಗೆ ನಿದ್ದೆ ಬಂದಿತ್ತಾ?”

ದೊಡ್ಡ ಮೇಡಂ ಚಾವಣಿ ನೋಡತೊಡಗಿದರು.

“ಕೇಳ್ತಿದ್ದೀನಲ್ಲ, ಹೇಳಿ. ಗೊರಕೆ ಹೊಡೆದ್ನಾ?”

“ಹೌದು ತಾತ, ಜೋರಾಗಿ,” ಎಂದಳು ಪಕ್ಕದ ಹುಡುಗಿ.

ಅಧ್ಯಕ್ಷರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರು ತುಂಬಿತ್ತು. “ಮೇಡಂ, ನಾನು ಕಣ್ಣು ಮುಚ್ಚಿ ವರ್ಷ ಆಯ್ತು. ಕಾರ್ಖಾನೆ ಮಗನಿಗೆ ಬಿಟ್ಟೆನಲ್ಲ, ಆವತ್ತಿನಿಂದ ಹೀಗೆ. ಮಾತ್ರೆ ನುಂಗಿದೆ, ಬಿಸಿ ಹಾಲು ಕುಡಿದೆ, ಡಾಕ್ಟರ ಮನೆ ಹೊಸ್ತಿಲು ಸವೆಸಿದೆ. ಮನೇಲಿ ಎಲ್ಲರ ಮೇಲೂ ಹರಿಹಾಯ್ತೀನಿ. ಯಾರ ಕೈಲೂ ಆಗದ್ದನ್ನ ಈ ಮೇಷ್ಟ್ರು ಮಾಡಿದ್ರು! ಇವರಿಗಿಂತ ದೊಡ್ಡ ಸಾಧಕರು ಈ ಶಾಲೇಲಿ ಯಾರಿದ್ದಾರೆ ತೋರಿಸಿ! ಫೋಟೊ ಎಲ್ಲಿ ಇವರದು?”

“ನಾಳೆನೇ ಹಾಕ್ತೀವಿ ಸಾರ್,” ಎಂದರು ದೊಡ್ಡ ಮೇಡಂ, ಹೋದ ಜೀವ ಬಂದವರಂತೆ. “ಕಟ್ಟು ಹಾಕೋಕೆ ಹೇಳಿ ಆಗಿದೆ.”

“ಇವರಿಗೆ ಕೋಣೆ ಗೀಣೆ ಏನಾದ್ರೂ ಇದೆಯಾ?”

“ನಕ್ಷೆ ಕೋಣೆ ಇದೆ ಸಾರ್. ಅದನ್ನ ವಿಜ್ಞಾನದವರು...”

“ಯಾರಿಗೂ ಕೊಡಕೂಡದು! ಅದು ಇವರದೇ. ನಾನು ಇರೋವರೆಗೆ ಇವರದೇ. ಒಂದು ಕಡ್ಡಿ ಅಲುಗಿಸಕೂಡದು ಅಲ್ಲಿಂದ.”

ವಿಜ್ಞಾನದ ಮೇಷ್ಟ್ರು ಟೇಪನ್ನು ಜೇಬಿಗೆ ಹಾಕಿಕೊಂಡರು. ಮಕ್ಕಳು ಡೆಸ್ಕು ಬಡಿದರು. ಡ್ರಿಲ್ ಮೇಷ್ಟ್ರು ಎಲ್ಲಿಂದಲೋ ಓಡಿ ಬಂದು, ತನ್ನ ಗಂಟಿಗೆ ತಾನೇ ಸೋತು, ಕತ್ತರಿಯಿಂದ ಬಟ್ಟೆ ಬಿಡಿಸಿದರು. ಬೆಳಕಿಗೆ ಕಣ್ಣು ಬಿಟ್ಟ ಗ್ಲೋಬು ಮೇಷ್ಟ್ರಿಗೆ ಇಡೀ ತರಗತಿ ಆಗತಾನೆ ಹುಟ್ಟಿದ ದ್ವೀಪದ ಹಾಗೆ ಕಂಡಿತು.

“ನೋಡಿದ್ರಾ ಮೇಷ್ಟ್ರೇ,” ಎಂದರು ಗಣಿತದ ಮೇಡಂ. “ನಿಮ್ಮ ಕೈಲೂ ಆಗುತ್ತೆ ಅಂತ ನನಗೆ ಗೊತ್ತಿತ್ತು. ಮನಸ್ಸು ಮಾಡಿರಲಿಲ್ಲ ಅಷ್ಟೆ.”

ಮುಂದಿನ ಪಾಠಕ್ಕೆ ಮೇಷ್ಟ್ರಿಗೆ ಬಿಡುವಿತ್ತು. ಊಟದ ಹೊತ್ತಿನಲ್ಲಿ ಕಳೆದದ್ದನ್ನು ಈಗಲೇ ವಸೂಲು ಮಾಡಿಕೊಳ್ಳೋಣವೆಂದು ಹಿಗ್ಗಿನಿಂದ ನಕ್ಷೆ ಕೋಣೆಗೆ ಬಂದರು. ಕಿಟಕಿ ತೆರೆದರು. ಮರದ ಗಾಳಿ ಒಳಗೆ ಬಂತು. ಕುರ್ಚಿಯ ಮೇಲೆ ವಿಜ್ಞಾನದ ಮೇಷ್ಟ್ರು ಇಟ್ಟುಹೋಗಿದ್ದ ಖಾಲಿ ಡಬ್ಬಗಳನ್ನು ಒಂದೊಂದಾಗಿ ಕೆಳಗಿಟ್ಟು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

“ಇದೇನಾ ಆ ಕೋಣೆ?” ಹಿಂದಿನಿಂದ ಧ್ವನಿ ಬಂತು. ಅಧ್ಯಕ್ಷರು, ಅವರ ಬೆನ್ನ ಹಿಂದೆ ದೊಡ್ಡ ಮೇಡಂ.

“ಹೌದು ಸಾರ್. ಬನ್ನಿ, ಬನ್ನಿ.”

ಅಧ್ಯಕ್ಷರು ಕಿಟಕಿ ನೋಡಿದರು, ಮರ ನೋಡಿದರು, ಆಮೇಲೆ ಕುರ್ಚಿ ನೋಡಿದರು. ನೋಡಿದವರು ಸೀದಾ ಹೋಗಿ ಅದರಲ್ಲಿ ಕುಳಿತು ಕಾಲು ಚಾಚಿದರು. “ಆಹಾ! ಬೆಂಚಿನ ಮೇಲೇ ಅಷ್ಟು ಬಂತು, ಇಲ್ಲಿ ಇನ್ನೆಷ್ಟು ಬರಬಹುದು! ಮೇಷ್ಟ್ರೇ, ನಾನು ತೀರ್ಮಾನ ಮಾಡಿಬಿಟ್ಟಿದ್ದೀನಿ. ದಿನಾ ಊಟ ಆದ ಕೂಡಲೇ ನಾನು ಇಲ್ಲಿಗೆ ಬರ್ತೀನಿ. ನೀವು ಹೇಳ್ತಾ ಇರಿ, ನಾನು ಹೀಗೆ ಒರಗಿರ್ತೀನಿ.”

“ಊಟ ಆದ ಕೂಡಲೇನಾ ಸಾರ್?” ಮೇಷ್ಟ್ರ ಧ್ವನಿ ಸಣ್ಣದಾಯಿತು. “ಆ ಹೊತ್ತು ನಾನು... ಸ್ವಲ್ಪ ಹೊತ್ತು...”

“ಆ ಹೊತ್ತು ಅವರು ಖಾಲಿನೇ ಇರ್ತಾರೆ ಸಾರ್,” ಎಂದರು ದೊಡ್ಡ ಮೇಡಂ ಉತ್ಸಾಹದಿಂದ. “ವೇಳಾಪಟ್ಟಿಯಲ್ಲಿ 'ಸಂಶೋಧನೆ' ಅಂತ ಹಾಕಿಸಿಬಿಡ್ತೀನಿ.”

“ಹಾಕಿಸಿ. ಹೂಂ, ಶುರು ಮಾಡಿ ಮೇಷ್ಟ್ರೇ. ಬೆಟ್ಟದ ತುದೀಲಿ ಒಂದು ಕಲ್ಲು ಅಂದ್ರಿ.”

“ನಾನು ಎಲ್ಲಿ ಕೂತ್ಕೊಳ್ಳಲಿ ಸಾರ್?”

“ನಿಂತೇ ಹೇಳಿ. ಕೂತರೆ ನಿಮಗೆ ನಿದ್ದೆ ಬಂದೀತು,” ಎಂದು ಅಧ್ಯಕ್ಷರು ಕಣ್ಣು ಮುಚ್ಚಿದರು.

ಮೇಷ್ಟ್ರು ನಿಂತೇ ಹೇಳಿದರು. ಕಲ್ಲಿನ ಕೆಳಗಿನ ಒರತೆ ಹೊರಟು ಎಲೆಗಳಡಿ ನುಸುಳುವಷ್ಟರಲ್ಲಿ ಗೊರಕೆ ಶುರುವಾಯಿತು. ಉಸಿರು ತಿರುಗಿಸಿಕೊಳ್ಳಲೆಂದು ಮೇಷ್ಟ್ರು ಒಂದು ಗಳಿಗೆ ತಡೆದರು. ಅಧ್ಯಕ್ಷರು ಕಣ್ಣು ಬಿಟ್ಟು, “ಹೂಂ?” ಎಂದರು. ಮೇಷ್ಟ್ರು ಮುಂದುವರಿಸಿದರು. ದೊಡ್ಡ ಮೇಡಂ ತುದಿಗಾಲಲ್ಲಿ ಹೊರಗೆ ಹೋಗಿ ಸದ್ದಾಗದಂತೆ ಬಾಗಿಲು ಎಳೆದುಕೊಂಡರು.

ಆ ದಿನ ಭೂಗೋಳದ ಮೇಷ್ಟ್ರಿಗೆ ಸಿಕ್ಕಿದ್ದು ಒಂದು ಸಾಧನೆ. ಉಳಿದದ್ದು ಒಂದು ಕೋಣೆ. ಹೋದದ್ದು ಮಧ್ಯಾಹ್ನದ ನಿದ್ದೆ, ಮತ್ತೆ ಬರಲಿಲ್ಲ.